ಅಹಮದ್‌ನಗರದ ಸೇನಾ ಟ್ಯಾಂಕ್ ಮ್ಯೂಸಿಯಂ ನೋಡೋದು ಹೇಗೆ

ಮಹಾರಾಷ್ಟ್ರದ ಅಹಮದ್‌ನಗರ (ಈಗ ಅಹಿಲ್ಯಾನಗರ) ನಮಗೆ ದೂರ ಅನ್ನಿಸಬಹುದು, ಆದರೆ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ಪುಣೆಯಿಂದಾದರೆ ಸುಮಾರು 120 ಕಿ.ಮೀ. ಸೇನೆಯ ಜಾಗ, ಗುರುತಿನ ಚೀಟಿ ಮರೆಯಬೇಡಿ. ಟ್ಯಾಂಕ್‌ಗಳು ಬಯಲಲ್ಲಿ ನಿಂತಿವೆ, ಹಾಗಾಗಿ ಬೆಳಗ್ಗೆಯೇ ಹೋಗಿ, ಟೋಪಿ, ನೀರು ಇರಲಿ.

ಸುಮ್ನೆ ಫೋಟೋ ತೆಗೆದು ಮುಂದೆ ಹೋಗಬೇಡಿ. 1965ರ ಯುದ್ಧದಲ್ಲಿ ಪಾಕಿಸ್ತಾನ ನೆಚ್ಚಿಕೊಂಡಿದ್ದ ಪ್ಯಾಟನ್ ಟ್ಯಾಂಕ್ ಮುಂದೆ ಒಂದಷ್ಟು ಹೊತ್ತು ನಿಲ್ಲಿ. 40 ಟನ್‌ಗೂ ಜಾಸ್ತಿ ತೂಕ. ಬಗ್ಗಿ ಅದರ ಚಕ್ರಗಳನ್ನು, ಒಂದಕ್ಕೊಂದು ಕೊಂಡಿ ಹಾಕಿದ ಉಕ್ಕಿನ ಪಟ್ಟಿಯನ್ನು ನೋಡಿ. ಇಂಥದ್ದು ಪಂಜಾಬಿನ ಅಸಲ್ ಉತ್ತರ್ ಎಂಬ ಹಳ್ಳಿಯ ನೀರು ತುಂಬಿದ ಕಬ್ಬಿನ ಗದ್ದೆಗಳಲ್ಲಿ ಹೂತುಹೋಗಿ ನಮ್ಮವರ ಗುಂಡಿಗೆ ಸಿಕ್ಕಿತು ಅಂದಾಗ ಮೈ ಜುಮ್ಮೆನ್ನುತ್ತದೆ ಅಲ್ವಾ? ಆಮೇಲೆ ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕ್, ರೋಲ್ಸ್ ರಾಯ್ಸ್‌ನ ಹಳೇ ಶಸ್ತ್ರಸಜ್ಜಿತ ಕಾರು ನೋಡಿ. ಮಕ್ಕಳನ್ನು ಟ್ಯಾಂಕ್ ಮೇಲೆ ಹತ್ತಿಸಬೇಡಿ.