ನನ್ನ ರೀಫ್ ಟ್ಯಾಂಕ್‌ಗೆ 60 ವ್ಯಾಟ್ ಸಾಕಾಯಿತು

ಮುಂಬೈ ಪಕ್ಕದ ಡೊಂಬಿವಲಿಯ ಮನೆಯ ಹಾಲ್‌ನಲ್ಲಿರುವ ನನ್ನ ಮೂರಡಿ ರೀಫ್ ಟ್ಯಾಂಕ್, ಅಂದರೆ ಹವಳ (ಕೋರಲ್) ಸಾಕುವ ಉಪ್ಪುನೀರಿನ ತೊಟ್ಟಿ, ಈಗ ನಡೆಯುವುದು ಬರೀ 60 ವ್ಯಾಟ್ ಬೆಳಕಿನಲ್ಲಿ. ನೀರು ಸುಮಾರು 190 ಲೀಟರ್. ಹೂವಿನ ಗೊಂಚಲಿನಂತೆ ಹಬ್ಬುವ ಜೊಅಂಥಿಡ್ ಜೀವಿಗಳು ಒಂದು ಕಲ್ಲು ತುಂಬಿ ಪಕ್ಕದ ಕಲ್ಲಿಗೆ ಹಬ್ಬಿವೆ. ಅಂಗೈ ಅಗಲ ಇದ್ದ ಲೆದರ್ ಕೋರಲ್ ಈಗ ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ. ದೀಪ ಕಟ್ಟುವಾಗ ಮುಲುಂಡಿನ ನಮ್ಮ ಭಾವ ಬಂದು ನೋಡಿ, "ಇಷ್ಟು ಬೆಳಕಿಗೆ ಕೋರಲ್ ಬದುಕುವುದುಂಟಾ ಮಾರಾಯ್ರೇ? ಸುಮ್ನೆ ದುಡ್ಡು ದಂಡ" ಎಂದಿದ್ದರು. ಅಂಗಡಿಯವರೂ ಅದನ್ನೇ ಹೇಳಿದ್ದರು. ಎರಡು ವರ್ಷ ದಾಟಿದೆ. ಧೈರ್ಯವಾಗಿ ಬರೆಯಬಹುದು.

ಎಲ್ಲರೂ ಮರೆಯುವ ಮಾತು ಒಂದಿದೆ. ವಿದೇಶದವರು 300, 350 ಪಾರ್ (ಹವಳಕ್ಕೆ ಉಪಯೋಗವಾಗುವ ಬೆಳಕಿನ ಅಳತೆ) ಬೇಕು ಅನ್ನುವುದು ಅಕ್ರೋಪೋರಾದಂಥ ಕಲ್ಲು ಹವಳಕ್ಕೆ. ನಮ್ಮಲ್ಲಿ ಕಲ್ಲು ಹವಳಗಳು ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿವೆ. ಅವನ್ನು ಮನೆಯಲ್ಲಿ ಇಡುವ ಹಾಗೇ ಇಲ್ಲ, ಇಡಲೂಬಾರದು. ನಾನು ಸಾಕುವುದು ಜೊಅಂಥಿಡ್, ಮಶ್ರೂಮ್, ಲೆದರ್, ಝೀನಿಯಾ; ಎಲ್ಲ ಮೆತ್ತನೆಯ ಜಾತಿಗಳು. ಇವಕ್ಕೆ 80ರಿಂದ 120 ಪಾರ್ ಧಾರಾಳ. ಮಶ್ರೂಮ್‌ಗೆ 50 ಸಿಕ್ಕರೂ ಖುಷಿ. ಹಾಗಿದ್ದ ಮೇಲೆ ಅಷ್ಟೊಂದು ವ್ಯಾಟ್ ಯಾಕೆ ಸುಡಬೇಕು?

ನನ್ನ ಮೊದಲ ದೀಪ 150 ವ್ಯಾಟ್ ಮೆಟಲ್ ಹ್ಯಾಲೈಡ್, ಸೆಕೆಂಡ್ ಹ್ಯಾಂಡ್. ನೀರಿನೊಳಗೆ ಆ ಬೆಳಕಿನ ಅಲೆಯಾಟ ನೋಡಲು ನಿಜಕ್ಕೂ ಚಂದ. ಆದರೆ ಮುಂಬೈಯ ಮೇ ತಿಂಗಳು ಗೊತ್ತಲ್ವಾ? ಹಾಲ್‌ನಲ್ಲೇ 32 ಡಿಗ್ರಿ. ಮೇಲಿಂದ ಹ್ಯಾಲೈಡ್ ಕಾಯಿಸುತ್ತದೆ, ಕೆಳಗಿಂದ ಚಿಲ್ಲರ್ ತಣ್ಣಗೆ ಮಾಡುತ್ತದೆ, ಎರಡರ ಬಿಲ್ಲೂ ನಮಗೇ. ಜೊತೆಗೆ ವರ್ಷಕ್ಕೊಮ್ಮೆ ಬಲ್ಬ್ ಬದಲಾಯಿಸಬೇಕು. ಲೆಕ್ಕ ಹಾಕಿದರೆ ತಿಂಗಳಿಗೆ 1,000 ರೂಪಾಯಿಯ ಆಸುಪಾಸು ಬೆಳಕಿಗೇ ಹೋಗುತ್ತಿತ್ತು.

ಆಮೇಲೆ ಬಂದದ್ದು ರೆಡಿಮೇಡ್ ಎಲ್‌ಇಡಿ. ಡಬ್ಬದ ಮೇಲೆ 165 ವ್ಯಾಟ್ ಎಂದಿತ್ತು, ಮೀಟರ್ ಇಟ್ಟರೆ 110 ಕೂಡ ದಾಟಲಿಲ್ಲ. ಅದು ಹೋಗಲಿ. ಎಲ್ಲ ಚಿಪ್‌ಗಳೂ ನಡುವೆ ಗುಂಪಾಗಿದ್ದವು. ನಡುವಿನ ಲೆದರ್‌ನ ನೆತ್ತಿ ಬಿಳಿಚಿತು, ಮೂಲೆಯ ಜೊಅಂಥಿಡ್‌ಗಳು ಬೆಳಕು ಸಾಲದೆ ಕುತ್ತಿಗೆ ಚಾಚಿದವು. ಒಂದೇ ಟ್ಯಾಂಕ್, ಒಂದೇ ದೀಪ, ಎರಡು ಕಾಯಿಲೆ. 9,000 ರೂಪಾಯಿ ಹೋಯಿತು. ವ್ಯಾಟ್‌ಗಿಂತ ಹರಡುವಿಕೆ ಮುಖ್ಯ ಎಂದು ನನಗೆ ಖಾತ್ರಿಯಾದದ್ದು ಅಲ್ಲಿ.

ಹಾಗಾಗಿ ನಾನೇ ಕಟ್ಟಿದೆ. ಲೋಹಾರ್ ಚಾಳ್ ಕಡೆಯಿಂದ ಅಲ್ಯೂಮಿನಿಯಂ ಚಾನೆಲ್, ಲ್ಯಾಮಿಂಗ್ಟನ್ ರೋಡಿನಿಂದ ಡ್ರೈವರ್ (ಎಲ್‌ಇಡಿಗೆ ಹದವಾದ ಕರೆಂಟ್ ಕೊಡುವ ಸಾಧನ) ಮತ್ತು ಫ್ಯಾನ್. 3 ವ್ಯಾಟ್‌ನ ಚಿಪ್ 30. ಅದರಲ್ಲಿ 20 ರಾಯಲ್ ಬ್ಲೂ, ಅಂದರೆ 450 ನ್ಯಾನೋಮೀಟರ್ ಸುತ್ತಮುತ್ತ. 4 ವಯಲೆಟ್, 420ರದ್ದು. ಉಳಿದ 6 ಬಿಳಿ. ನೀಲಿಗೂ ಬಿಳಿಗೂ ಬೇರೆ ಬೇರೆ ಡ್ರೈವರ್, ಬೇರೆ ಡಿಮ್ಮರ್. ಇವನ್ನು 700 ಮಿಲಿಆಂಪ್‌ನಲ್ಲಿ ಓಡಿಸಬಹುದು, ನಾನು 550 ದಾಟಿಸುವುದಿಲ್ಲ. ಚಿಪ್ ತಣ್ಣಗಿರುತ್ತದೆ, ಪ್ರತಿ ವ್ಯಾಟ್‌ಗೆ ಬೆಳಕೂ ಜಾಸ್ತಿ. ಮೂರಡಿಗೂ ಸಮನಾಗಿ ಹರಡಿ ಕೂರಿಸಿದೆ. 60 ಡಿಗ್ರಿ ಲೆನ್ಸ್ ಹಾಕಿ ನೋಡಿದಾಗ ಮತ್ತೆ ಅದೇ ನಡುವಿನ ಸುಡು. ಕಿತ್ತು ಬೆಳಕನ್ನು ಇನ್ನೂ ಅಗಲಕ್ಕೆ ಹರಡುವ 90 ಡಿಗ್ರಿಯದ್ದು ಹಾಕಿದೆ. ಎಲ್ಲ ಸೇರಿ 7,000 ರೂಪಾಯಿ ಚಿಲ್ಲರೆ. ಇಷ್ಟೇ ಟ್ಯಾಂಕಿಗೆ ಒಳ್ಳೆಯ ಆಮದು ದೀಪ ಕೇಳಿದರೆ 40,000 ಹೇಳಿದ್ದರು.

ವಯಲೆಟ್ ಚಿಪ್‌ಗಳನ್ನು ಎಲ್ಲೆಲ್ಲಿ ಕೂರಿಸಿದ್ದೇನೆ ಎಂದು ಬರೆಯುವುದಿಲ್ಲ. ಹಸಿರು, ಕಿತ್ತಳೆ ಹೊಳಪೆಲ್ಲ ಬಂದದ್ದು ಅದರಿಂದ. ಅಷ್ಟು ನನ್ನ ಹತ್ತಿರವೇ ಇರಲಿ.

ಗೆಳೆಯರೊಬ್ಬರ ಪಾರ್ ಮೀಟರ್ ತಂದು ಅಳೆದೆ. ಮೇಲಿನ ಕಲ್ಲಿನಲ್ಲಿ 130, ನಡುವೆ 100ರ ಹತ್ತಿರ, ಮರಳಿನ ಮೇಲೆ 60. ಮೊಬೈಲ್‌ನ ಲಕ್ಸ್ ಆಪ್ ನಂಬಬೇಡಿ. ನೀಲಿ ಬೆಳಕನ್ನು ಅದು ತೀರಾ ಕಮ್ಮಿ ತೋರಿಸುತ್ತದೆ, ನೀವು ದೀಪ ಏರಿಸುತ್ತಾ ಹೋಗುತ್ತೀರಿ.

ಶುರುವಿನಲ್ಲಿ 30 ಪರ್ಸೆಂಟ್‌ನಲ್ಲಿಟ್ಟು ವಾರವಾರ ಸ್ವಲ್ಪ ಏರಿಸಿದೆ. ಪೂರ್ತಿ ಬರಲು ಒಂದೂವರೆ ತಿಂಗಳು ಹಿಡಿಯಿತು. ಜೊಅಂಥಿಡ್ ಚಾಚಿಕೊಂಡರೆ ಬೆಳಕು ಸಾಲದು, ಮಶ್ರೂಮ್ ಮುದುಡಿ ಕುಗ್ಗಿದರೆ ಜಾಸ್ತಿ. ಲೆದರ್ ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಅದು ಆಗಾಗ ಮೇಣದಂಥ ಪೊರೆ ಬಿಡಲು ದಿನಗಟ್ಟಲೆ ಮುಚ್ಚಿಕೊಳ್ಳುತ್ತದೆ. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ.

ನಡುವೆ ಸಂಜೆಯ ಬಣ್ಣಕ್ಕೆಂದು ಎರಡು 660 ನ್ಯಾನೋಮೀಟರ್‌ನ ಕೆಂಪು ಚಿಪ್ ಹಾಕಿದ್ದೆ. ಮರಳಿನ ಮೇಲೆ ಕೆಂಪು ಲೋಳೆ ಹೆಚ್ಚಾಯಿತು. ತೆಗೆದ ಮೇಲೆ ಇಳಿಯಿತು. ಅದೇ ಚಿಪ್‌ಗಳನ್ನು ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ, ಅಂದರೆ ಸಂಪ್‌ನಲ್ಲಿ, ಕೀಟೋ ಪಾಚಿಯ ಮೇಲೆ ಕಟ್ಟಿ ರಾತ್ರಿಯೆಲ್ಲ ಉರಿಸಿದೆ. ಮೊದಲು ಬೆಳಗ್ಗೆ ಪಿಎಚ್ 7.8ಕ್ಕೆ ಬೀಳುತ್ತಿತ್ತು, ಈಗ 8ರ ಕೆಳಗೆ ಹೋಗುವುದು ಅಪರೂಪ. ಹಗಲು ಮೇಲೆ ಬೆಳಕು, ರಾತ್ರಿ ಕೆಳಗೆ. ಈ ಪ್ರಯೋಗ ನನಗೆ ದೀಪದಷ್ಟೇ ಸಂತೋಷ ಕೊಟ್ಟಿದೆ.

ಮುಂಬೈಯ ಗಾಳಿಗೆ ಉಪ್ಪುನೀರಿನ ತುಂತುರು ಸೇರಿದರೆ ಬೆಸುಗೆ ಹಸಿರು ಹಿಡಿಯುತ್ತದೆ. ಪ್ರತಿ ಬೆಸುಗೆಗೂ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದಿದ್ದೇನೆ. ದೀಪದ ಕೆಳಗೆ ಅಕ್ರಿಲಿಕ್ ಹಾಳೆ ಇದೆ. ಅದನ್ನು ವಾರಕ್ಕೊಮ್ಮೆ ಒರೆಸಲೇಬೇಕು, ಉಪ್ಪು ಕೂತರೆ ಪಾರ್ ಸೀದಾ ಬೀಳುತ್ತದೆ. ಲೈನ್‌ಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಬೆಳಕು, ಚಿಲ್ಲರ್ ಎರಡೂ ಸೇರಿ ಬಿಲ್ಲಿನಲ್ಲಿ ತಿಂಗಳಿಗೆ 700, 800 ರೂಪಾಯಿ ಉಳಿಯುತ್ತಿದೆ. ದೀಪದ ದುಡ್ಡು ಮೊದಲ ವರ್ಷವೇ ವಾಪಸ್ ಬಂತು. ಈಗ ಭಾವ ತಮಗೂ ಒಂದು ಕಟ್ಟಿಕೊಡಿ ಅನ್ನುತ್ತಿದ್ದಾರೆ. ಅವರ ಟ್ಯಾಂಕ್ ನಾಲ್ಕಡಿ ಉದ್ದ, ಎರಡಡಿ ಆಳ. ಅಷ್ಟು ಆಳಕ್ಕೆ 90 ಡಿಗ್ರಿ ಲೆನ್ಸ್ ಒಂದೇ ಸಾಲದು. ಮಧ್ಯದ ಸಾಲಿಗೆ ಮಾತ್ರ 60ರದ್ದು, ಚಿಪ್ 48 ಎಂದು ಸದ್ಯಕ್ಕೆ ಲೆಕ್ಕ ಹಾಕಿದ್ದೇನೆ. ಚಾನೆಲ್ ಕತ್ತರಿಸಿ ಆಗಿದೆ.