ಅಲ್ಯೂಮಿನಿಯಂ ಆನೊಡೈಸಿಂಗ್: ಆಸಿಡ್ ತಣ್ಣಗಿರಲಿ, ತಂತಿ ಬಿಗಿಯಾಗಿರಲಿ

ಆನೊಡೈಸಿಂಗ್ ಅಂದರೆ ಮೇಲಿಂದ ಬಳಿಯುವ ಪೇಂಟ್ ಅಲ್ಲ. ಅಲ್ಯೂಮಿನಿಯಂ ತಾನೇ ಆಕ್ಸೈಡ್ ಆಗಿ ಪದರ ಕಟ್ಟುತ್ತದೆ. ಕರೆಂಟ್ ಪದರ ಬೆಳೆಸುತ್ತಿರುವಾಗಲೇ ಆಸಿಡ್ ಅದನ್ನು ಅಲ್ಲಲ್ಲಿ ತಿನ್ನುತ್ತಿರುತ್ತದೆ, ಹಾಗಾಗಿ ಕಣ್ಣಿಗೆ ಕಾಣದ ತೂತುಗಳು ಹೆಚ್ಚುಕಡಿಮೆ ತಳದವರೆಗೂ ಉಳಿಯುತ್ತವೆ. ಬಣ್ಣ ಹೋಗಿ ಕೂರುವುದು ಅಲ್ಲೇ. ಆಸಿಡ್ ಬಿಸಿಯಾದರೆ ತಿನ್ನುವುದೇ ಜಾಸ್ತಿಯಾಗಿ ಪದರ ಪುಡಿಪುಡಿ ಆಗುತ್ತದೆ. 18ರಿಂದ 21 ಡಿಗ್ರಿ ಇರಲಿ. ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಗ್ಗೆ ಇದು ಕಷ್ಟವಲ್ಲ. ಏಪ್ರಿಲ್‌ನಲ್ಲಾದರೆ ಮುಚ್ಚಳ ಬಿಗಿ ಮಾಡಿದ ಬಾಟಲಿಯಲ್ಲಿ ಐಸ್ ಕಟ್ಟಿಸಿ ಟಬ್ಬಿಗೆ ಇಳಿಬಿಡಿ.

ಬ್ಯಾಟರಿ ಅಂಗಡಿಯ ಆಸಿಡ್ (ಸಲ್ಫ್ಯೂರಿಕ್) ಸಾಕು. ಒಂದೂವರೆ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಒಂದು ಲೀಟರ್ ಆಸಿಡ್ ನಿಧಾನಕ್ಕೆ ಸುರಿಯಿರಿ. ಆಸಿಡ್‌ಗೆ ನೀರು ಸುರಿಯಲೇಬೇಡಿ, ಸಿಡಿಯುತ್ತದೆ. ಬೋರ್‌ವೆಲ್ ನೀರು ಬೇಡ, ಅದರಲ್ಲಿನ ಕ್ಲೋರೈಡ್‌ನಿಂದ ಪೀಸ್ ಮೇಲೆ ಗುಳಿ ಬೀಳುತ್ತದೆ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಹೈಡ್ರೋಜನ್ ಬರುತ್ತದೆ, ಬಯಲಲ್ಲಿ ಮಾಡಿ, ಬೀಡಿ ಸಿಗರೇಟು ದೂರವಿರಲಿ.

ಕಿಟಕಿ ಸೆಕ್ಷನ್‌ಗೆ ಬಳಸುವ 6063 ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹ ಚೆನ್ನಾಗಿ ಬರುತ್ತದೆ. ಎರಕದ ಪೀಸ್‌ನಲ್ಲಿ ಸಿಲಿಕಾನ್ ಜಾಸ್ತಿ, ಬೂದು ಬಣ್ಣಕ್ಕೆ ತಿರುಗುತ್ತದೆ, ಸುಮ್ನೆ ದಂಡ. ಸೋಪಿನಲ್ಲಿ ತೊಳೆದು, ಕಾಸ್ಟಿಕ್ ಸೋಡಾ ನೀರಲ್ಲಿ ಒಂದೆರಡು ನಿಮಿಷ ಅದ್ದಿ. ಮೇಲೆ ಕಪ್ಪು ಮಸಿ ನಿಂತರೆ ತೆಳು ನೈಟ್ರಿಕ್ ಆಸಿಡ್‌ನಲ್ಲಿ ಹೋಗುತ್ತದೆ. ನೀರು ಹನಿ ಹನಿಯಾಗಿ ಒಡೆಯದೆ ಇಡೀ ಮೈಮೇಲೆ ಹರಡಿ ನಿಂತರೆ ಜಿಡ್ಡು ಹೋಗಿದೆ ಅಂತ ಅರ್ಥ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಜಾಸ್ತಿ ಜನ ಎಡವುವುದು ತಂತಿ ಕಟ್ಟುವಲ್ಲಿ. ಆಕ್ಸೈಡ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ತಂತಿ ಸ್ವಲ್ಪ ಸಡಿಲವಿದ್ದರೂ ಅದರ ಸಂದಿಯಲ್ಲೇ ಪದರ ಬೆಳೆದು ಎಲ್ಲ ನಿಂತುಹೋಗುತ್ತದೆ, ಮೀಟರ್‌ನಲ್ಲಿ ಆಂಪಿಯರ್ ದಬಕ್ಕನೆ ಬಿದ್ದರೆ ಮೊದಲು ಅದನ್ನೇ ನೋಡಿ. ತಂತಿ ಅಲ್ಯೂಮಿನಿಯಮ್ಮಿನದೇ ಇರಲಿ. ತಾಮ್ರ, ಕಬ್ಬಿಣ ಆಸಿಡ್‌ನಲ್ಲಿ ಕರಗುತ್ತವೆ. ಪೀಸ್ ಡಿಸಿ ಪವರ್ ಸಪ್ಲೈನ ಪ್ಲಸ್‌ಗೆ, ಸೀಸದ ತಗಡು ಮೈನಸ್‌ಗೆ, ಎರಡೂ ಒಂದಕ್ಕೊಂದು ತಾಗಬಾರದು.

ಇನ್ನು ಲೆಕ್ಕ. 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ತಗಡಿಗೆ ಎರಡೂ ಕಡೆ ಸೇರಿ 100 ಚದರ ಸೆಂ.ಮೀ. ಆಯಿತು, ಒಂದೂವರೆ ಆಂಪಿಯರ್ ಸಾಕು. ವೋಲ್ಟೇಜ್ 12ರಿಂದ 18ರ ಒಳಗೆ ಬರುತ್ತದೆ. 40 ನಿಮಿಷಕ್ಕೆ ಸುಮಾರು 15ರಿಂದ 18 ಮೈಕ್ರಾನ್ ಪದರ ಸಿಗುತ್ತದೆ.

ಹೊರತೆಗೆದು ತಣ್ಣೀರಲ್ಲಿ ತೊಳೆದು, ಮಲ್ಟಿಮೀಟರ್‌ನ ಎರಡು ಕಡ್ಡಿಯನ್ನೂ ಚುಚ್ಚದಂತೆ ಮೆಲ್ಲಗೆ ಮೈಮೇಲಿಡಿ. ಬೀಪ್ ಬರದಿದ್ದರೆ ಪದರ ಕೂತಿದೆ. ಬಿಸಿನೀರಲ್ಲಿ ತೊಳೆದರೆ ತೂತು ಈಗಲೇ ಮುಚ್ಚಿಕೊಳ್ಳಬಹುದು, ಬಣ್ಣ ಹತ್ತುವುದಿಲ್ಲ. ಆನೊಡೈಸಿಂಗ್ ಡೈ 50-60 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ.

ಕೊನೆಗೆ ಸೀಲಿಂಗ್, ಅಂದರೆ ತೂತು ಮುಚ್ಚುವುದು. ಡಿಸ್ಟಿಲ್ಡ್ ವಾಟರ್ 95 ಡಿಗ್ರಿಗಿಂತ ಮೇಲಿರಬೇಕು, ಒಂದು ಮೈಕ್ರಾನ್‌ಗೆ ಮೂರು ನಿಮಿಷ. ನಮ್ಮೂರು ಚಿಕ್ಕಮಗಳೂರು ಸಾವಿರ ಮೀಟರ್‌ಗೂ ಎತ್ತರದಲ್ಲಿದೆ, ನೀರು 96-97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಉರಿ ಸಣ್ಣ ಮಾಡಿ ಬಿಟ್ಟು ಹೋಗುವಂತಿಲ್ಲ, ಕೊತಕೊತ ಕುದಿಯುತ್ತಲೇ ಇರಬೇಕು. ಆರಿದ ಮೇಲೆ ಕಾಣದ ಮೂಲೆಯಲ್ಲಿ ಒಂದು ತೊಟ್ಟು ಡೈ ಬಿಟ್ಟು ಒರೆಸಿ. ಕಲೆ ಉಳಿದರೆ ಮತ್ತೆ ಕುದಿಸಿ.