ತೆಗೆದುಕೊಳ್ಳುವುದನ್ನು ನಾನು ಕಲಿತ ಬಗೆ

ಕೊಡುವುದರ ಬಗ್ಗೆ ನಮ್ಮ ಕ್ರೈಸ್ತ ಸಭೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ದಶಮಾಂಶ ಅಂದರೆ ಆದಾಯದ ಹತ್ತನೇ ಒಂದು ಪಾಲು, ಕಾಣಿಕೆ, ಇದ್ದ ಎರಡೇ ಕಾಸನ್ನೂ ಕಾಣಿಕೆ ಹಾಕಿದ ಬಡ ವಿಧವೆಯ ಕತೆ. ತೆಗೆದುಕೊಳ್ಳುವುದು ಹೇಗೆ ಅಂತ ಹೇಳಿಕೊಟ್ಟವರು ಕಡಿಮೆ. ಕಾಲು ಮುರಿದು ಹಾಸಿಗೆ ಹಿಡಿದಾಗ ಅದನ್ನು ಕಲಿಯಲೇಬೇಕಾಯಿತು.

ಮಲಗಿದಲ್ಲೇ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಸುವಾರ್ತೆಗಳನ್ನು ಓದತೊಡಗಿದೆ. ಹುಡುಕಿದ್ದು ಒಂದೇ ವಿಷಯ: ಯೇಸು ಯಾರಿಂದ ಏನು ಪಡೆದರು? ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದರು. ಯೆರೂಸಲೇಮಿಗೆ ಹೋಗಿದ್ದು ಬೇರೆಯವರ ಕತ್ತೆಮರಿಯ ಮೇಲೆ. ಕಡೇ ಊಟ ಇನ್ನೊಬ್ಬರ ಮಹಡಿಯಲ್ಲಿ. ಸಮಾಧಿ ಕೂಡ ಅರಿಮಥಾಯದ ಯೋಸೇಫನದು. ಲೂಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಮಗ್ದಲದ ಮರಿಯಳು, ಯೋಹಾನಳು, ಸುಸನ್ನಳು ತಮ್ಮ ಆಸ್ತಿಯಿಂದ ಯೇಸುವಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು ಅಂತಿದೆ. ಇಷ್ಟನ್ನೂ ಒಟ್ಟಿಗೆ ಓದಿದ ಮೇಲೆ ನನ್ನ ಸಂಕೋಚ ಅರ್ಧ ಇಳಿಯಿತು.

ಉಳಿದರ್ಧ ಇಳಿಸಿದವರು ನಮ್ಮ ಪ್ರಾರ್ಥನಾ ಗುಂಪಿನ ಒಬ್ಬ ಹಿರಿಯ ಅಕ್ಕ. ಬಂದವರೇ ನನ್ನ ಕಾಲಿನ ಉಗುರು ನೋಡಿದರು. ಬಗ್ಗಲಾಗದೆ ಉದ್ದಕ್ಕೆ ಬೆಳೆದಿದ್ದವು. ಬೋಗುಣಿಯಲ್ಲಿ ಬಿಸಿನೀರು ತಂದು, ನೆಲದಲ್ಲಿ ಕೂತು, ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಬೆರಳು ಹಿಡಿದು ಕತ್ತರಿಸಿದರು. "ಬೇಡ ಅಕ್ಕ, ನೀವು ನನ್ನ ಕಾಲು ಮುಟ್ಟೋದಾ" ಅಂದೆ. "ಸುಮ್ನಿರಮ್ಮ, ಪೇತ್ರನೂ ಹೀಗೇ ಅಂದಿದ್ದ" ಅಂದರು. ನಾನು ಸುಮ್ಮನಾದೆ. ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರ ಬೇಡ ಅಂದಿದ್ದನ್ನು ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದೆ. ಪೇತ್ರನ ಜಾಗದಲ್ಲಿ ಕೂತಿದ್ದು ಅವತ್ತೇ.

ಆಮೇಲೆ ಕೆಲವು ಅಭ್ಯಾಸ ಇಟ್ಟುಕೊಂಡೆ. ಯಾರಾದರೂ ಏನಾದರೂ ಕೊಟ್ಟರೆ "ಇದೆಲ್ಲ ಯಾಕೆ ಬೇಕಿತ್ತು" ಅನ್ನುವುದಿಲ್ಲ. ಥ್ಯಾಂಕ್ಸ್ ಹೇಳಿ ತೆಗೆದುಕೊಳ್ಳುತ್ತೇನೆ. ಲೆಕ್ಕ ಚುಕ್ತಾ ಮಾಡೋ ಹಾಗೆ ತಕ್ಷಣ ಏನೂ ವಾಪಸ್ ಕೊಡುವುದಿಲ್ಲ. ಆ ದಿನ ರಾತ್ರಿ ಅವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಜಾಸ್ತಿ ಕಷ್ಟವಾಗಿದ್ದು "ಏನು ಬೇಕು?" ಅಂತ ಕೇಳಿದಾಗ ನಿಜ ಹೇಳುವುದು. "ಏನೂ ಬೇಡ" ಅನ್ನುವುದು ಬಾಯಿಗೆ ರೂಢಿಯಾಗಿಬಿಟ್ಟಿರುತ್ತೆ, ಅಲ್ವಾ? ಈಗ "ಬಟ್ಟೆ ಒಗೆಯಬೇಕು", "ಒಂದರ್ಧ ಗಂಟೆ ಜೊತೆಗಿರಿ" ಅಂತ ಬಿಡಿಸಿ ಹೇಳುತ್ತೇನೆ.

ಇದರಲ್ಲಿ, ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ನನಗೆ ತುಂಬ ಸಹಾಯ ಮಾಡಿದ. ಎಪಫ್ರೊದೀತ ಅನ್ನುವವನ ಕೈಯಲ್ಲಿ ಫಿಲಿಪ್ಪಿ ಊರಿನ ಸಭೆಯವರು ಕಳಿಸಿದ್ದನ್ನು ಸೆರೆಯಲ್ಲಿದ್ದವನು ಸಂತೋಷದಿಂದ ತೆಗೆದುಕೊಂಡ. ಇದ್ದುದರಲ್ಲೇ ತೃಪ್ತನಾಗಿರಲು ಕಲಿತಿದ್ದೇನೆ ಅಂತಾನೆ. ಆದರೂ ನನ್ನ ಕಷ್ಟದಲ್ಲಿ ಪಾಲುಗಾರರಾಗಿ ಒಳ್ಳೆಯದು ಮಾಡಿದಿರಿ ಅಂತಲೂ ಬರೆಯುತ್ತಾನೆ. ಅದೇ ಪೌಲ ಕೊರಿಂಥದ ಸಭೆಯವರಿಂದ ತನ್ನ ಖರ್ಚಿಗೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ಬಂದದ್ದನ್ನೆಲ್ಲ ಪಡೆಯಲೇಬೇಕು ಅಂತ ನಾನು ನಂಬುವುದಿಲ್ಲ. ಕೊಟ್ಟು ಹಿಡಿತದಲ್ಲಿ ಇಟ್ಟುಕೊಳ್ಳಲು ನೋಡುವವರಿಗೆ ಪ್ರೀತಿಯಿಂದಲೇ ಬೇಡ ಅನ್ನಬಹುದು.

ನಾನು ಕೊಡುವ ರೀತಿಯೂ ಬದಲಾಯಿತು. ಮೊದಲು ಕೇಳುತ್ತೇನೆ, ಆಮೇಲೆ ಕೊಡುತ್ತೇನೆ. ಕೊಟ್ಟ ಮೇಲೆ ಉಪದೇಶ ಮಾಡುವುದಿಲ್ಲ. ಎದುರಿಗಿರುವವರು ತಲೆ ತಗ್ಗಿಸಿದರೆ ಪಕ್ಕದಲ್ಲಿ ಕೂತು ನನ್ನದೂ ಒಂದು ಪ್ರಾರ್ಥನಾ ವಿಷಯ ಹೇಳುತ್ತೇನೆ, ನನಗೋಸ್ಕರ ಪ್ರಾರ್ಥಿಸಿ ಅಂತ ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡುತ್ತಾರೆ.